ಏಳು ವರ್ಷದ ಮಗಳಿಗೆ ಇನ್ನೂ ಕೈತುತ್ತು ಕೊಡಬಹುದಾ?

ಒಂದು ತಿಂಗಳಿಂದ ನಮ್ಮನೇಲಿ ರಾತ್ರಿ ಊಟದ ಹೊತ್ತಿಗೆ ದಿನಾ ಇದೇ ಮಾತು. ಮಗಳಿಗೆ 7 ತುಂಬಿದೆ, ಎರಡನೇ ಕ್ಲಾಸು, ಸೈಕಲ್ ಹೊಡೀತಾಳೆ, ಶೂ ಲೇಸ್ ತಾನೇ ಕಟ್ಕೋತಾಳೆ, ಆದ್ರೆ ಊಟಕ್ಕೆ ಕೂತ್ರೆ ಬಾಯಿ ತೆಗೀತಾಳೆ ಅಷ್ಟೇ, ಕೈ ಮುಂದೆ ಬರಲ್ಲ. ತಿನ್ಸೋದು ನಮ್ಮ ಅತ್ತೆ. ನಮ್ಮನೆಯವ್ರು ಇದು ಸಾಕು ನಿಲ್ಸಿ ಅಂತಾರೆ, ಅತ್ತೆ "ನಿಂಗೂ ಐದನೇ ಕ್ಲಾಸಿನ ತನಕ ತಿನ್ಸಿದೀನಿ, ಈಗ ನೀನೇನ್ ಉಪವಾಸ ಇದೀಯಾ" ಅಂತಾರೆ. ಇಬ್ರೂ ಕೊನೆಗೆ ನನ್ನ ಮುಖ ನೋಡ್ತಾರೆ.

ಅತ್ತೆ ತಿನ್ಸೋದನ್ನ ನೋಡಿದ್ರೆ ಬೇಡ ಅನ್ನೋಕೆ ನಂಗೆ ಬಾಯೇ ಬರಲ್ಲ. ಬಿಸಿ ಅನ್ನಕ್ಕೆ ತುಪ್ಪ ಹಾಕಿ, ಸಾರು ಹಾಕಿ ಮೆತ್ತಗೆ ಕಲಸಿ, ಕರಿಬೇವು ಒಣಮೆಣಸಿನಕಾಯಿ ಆರಿಸಿ ತಟ್ಟೆ ಅಂಚಿಗೆ ಇಟ್ಟು, ಆಮೇಲೆ ತಟ್ಟೆ ಸುತ್ತ ಪುಟ್ಟ ಪುಟ್ಟ ತುತ್ತು ಮಾಡಿ ಸಾಲಾಗಿ ಇಡ್ತಾರೆ, ಇದು ಕಾಗೆಗೆ, ಇದು ಗುಬ್ಬಿಗೆ, ಇದು ಪುಟ್ಟಿಗೆ ಅಂತ. ಆ ಹತ್ತು ನಿಮಿಷದಲ್ಲಿ ಮಗಳು ಸ್ಕೂಲಲ್ಲಿ ನಡೆದದ್ದೆಲ್ಲ ಹೇಳ್ತಾಳೆ. ವ್ಯಾನಲ್ಲಿ ಒಬ್ಳು ಹುಡುಗಿ ಪಕ್ಕ ಕೂರೋಕೆ ಬಿಡ್ತಿಲ್ಲ ಅನ್ನೋದು ನಂಗೆ ಗೊತ್ತಾಗಿದ್ದೇ ಹಾಗೆ, ನಾನು ಎಷ್ಟು ಕೇಳಿದ್ರೂ ಹೇಳಿರ್ಲಿಲ್ಲ.

ಆದ್ರೆ ನಮ್ಮನೆಯವ್ರ ಮಾತೂ ಸುಳ್ಳಲ್ಲ. ಮಕ್ಕಳು 9-10 ತಿಂಗಳಿಗೆಲ್ಲ ಹೆಬ್ಬೆರಳು ತೋರುಬೆರಳು ಸೇರ್ಸಿ ಚೂರು ಎತ್ಕೊಂಡು ಬಾಯಿಗೆ ಹಾಕ್ಕೋತಾವೆ, ಎರಡು ವರ್ಷದ ಹೊತ್ತಿಗೆ ಚೆಲ್ಲಾಡ್ಕೊಂಡಾದ್ರೂ ತಾವೇ ತಿಂತಾವೆ. ಇವಳ ಸ್ಕೂಲಲ್ಲಿ ಊಟಕ್ಕೆ ಕೊಡೋದು 20 ನಿಮಿಷ, ಚಿತ್ರಾನ್ನದ ಡಬ್ಬಿ ಅರ್ಧಕ್ಕರ್ಧ ವಾಪಸ್ ಬರುತ್ತೆ. ಸಾಯಂಕಾಲ ಆ ಡಬ್ಬಿ ತೆಗೆದಾಗೆಲ್ಲ ಹೊಟ್ಟೆ ಚುರ್ ಅನ್ನುತ್ತೆ.

ಇನ್ನೊಂದು ವಿಷ್ಯ. ನಾರ್ವೆಯ ಸ್ಟಾವಂಗರ್‌ನಲ್ಲಿ 2011ರಲ್ಲಿ ಭಾರತೀಯ ದಂಪತಿಯ ಇಬ್ರು ಮಕ್ಕಳನ್ನ ಅಲ್ಲಿನ ಮಕ್ಕಳ ರಕ್ಷಣಾ ಇಲಾಖೆಯವ್ರು ಕರ್ಕೊಂಡು ಹೋಗಿದ್ರಲ್ಲ, ಕೈಯಲ್ಲಿ ತಿನ್ಸೋದು, ಜೊತೇಲಿ ಮಲಗಿಸ್ಕೊಳ್ಳೋದನ್ನೂ ತಪ್ಪು ಅಂದ್ರು ಅಂತ ಆ ಮನೆಯವ್ರು ಹೇಳಿದ್ರು, ಅಧಿಕಾರಿಗಳು ಕಾರಣ ಅದಲ್ಲ ಅಂದ್ರು, ಮಕ್ಕಳು ಭಾರತಕ್ಕೆ ವಾಪಸ್ ಬಂದಿದ್ದು 2012ರಲ್ಲಿ. ಆಗ ನಂಗೆ ಮದ್ವೆನೂ ಆಗಿರ್ಲಿಲ್ಲ, ಆದ್ರೂ ನ್ಯೂಸ್ ನೋಡಿ ಅಮ್ಮ ಅತ್ತಿದ್ದು ನೆನಪಿದೆ. ಎಳೆ ಮಕ್ಕಳಿಗೆ ಬಲವಂತ ಮಾಡ್ದೆ, ನಿಧಾನವಾಗಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸ್ತಾ ತಿನ್ಸಿ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ, ನಮ್ಮ ಅಜ್ಜೀರು ಮಾಡ್ತಿರೋದು ಅದನ್ನೇ ತಾನೆ. ಮೊಬೈಲ್ ಮುಂದೆ ಇಟ್ಟು ಬಾಯಿಗೆ ತುರುಕೋದಿದ್ಯಲ್ಲ, ನನ್ನ ಪ್ರಕಾರ ತಪ್ಪು ಅಂದ್ರೆ ಅದು.

ಹೋದ ಭಾನುವಾರ ಮುದ್ದೆ, ಸೊಪ್ಪಿನ ಸಾರು. ಮುದ್ದೆ ಮಾತ್ರ ನೀನೇ ತಿನ್ನು ಪುಟ್ಟಿ ಅಂದೆ. ಬೆರಳು ಸಾರಲ್ಲಿ ಅದ್ದಿ ಚೂರು ಮುರಿದ್ಲು, ಅಂಗೈಗೆಲ್ಲ ಅಂಟ್ತು, ಉರುಟು ಮಾಡೋಕೆ ಹೋದ್ರೆ ಉದ್ದಕ್ಕಾಯ್ತು, ಅಗೀಬೇಡ ನುಂಗು ಅಂದ್ರೆ ಕಣ್ಣಲ್ಲಿ ನೀರು. ಅತ್ತೆ ಎರಡೂ ಕೈ ಸೆರಗಲ್ಲಿ ಸುತ್ಕೊಂಡು ಕೂತಿದ್ರು, ಮುಂದೆ ಬರಬಾರ್ದು ಅಂತ. ನಾಲ್ಕನೇ ಚೂರಿಗೆ ಹೆಬ್ಬೆರಳಲ್ಲಿ ಗುಳಿ ಮಾಡಿ ಸಾರು ತುಂಬ್ಸಿ ಸೀದಾ ನುಂಗಿದ್ಲು. ಅರ್ಧ ಮುದ್ದೆ ಖಾಲಿ.

ನಂಗನ್ಸೋದು, ಬೆಳಗ್ಗೆ ತಿಂಡಿ, ಡಬ್ಬಿ, ಮುದ್ದೆ ಎಲ್ಲ ಅವಳೇ ತಿನ್ಲಿ, ರಾತ್ರಿ ಅನ್ನ ಅಜ್ಜಿ ಕೈಯಲ್ಲಿ ಇರ್ಲಿ. ನಮ್ಮನೆಯವ್ರು ಒಪ್ಪಿಲ್ಲ, ಯುಗಾದಿ ತನಕ ಟೈಮ್ ಕೊಟ್ಟಿದಾರೆ. ನಿಮ್ಮನೇಲಿ ಎಷ್ಟು ವರ್ಷಕ್ಕೆ ನಿಂತ್ತು? ನೀವು ನಿಲ್ಸಿದ್ರಾ, ಮಗುನೇ ಸಾಕು ಅಂತಾ? ಅಜ್ಜಿ ತಾತನ ಜೊತೆ ಇರೋರು, ಅವ್ರಿಗೆ ನೋವಾಗ್ದೆ ಹೇಗೆ ಹೇಳಿದ್ರಿ ಅಂತ ದಯವಿಟ್ಟು ತಿಳಿಸಿ, ಯುಗಾದಿ ಒಳಗೆ.