ಈಗ ಹಲ್ಲು ಎಲ್ಲಿದೆ?

ಮಂಗಳವಾರದಿಂದ ಒಂದೇ ಪ್ರಶ್ನೆ ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಕೇಳಿದವರು ಹಲ್ಲಿನ ಡಾಕ್ಟರು. ಬೆಳಿಗ್ಗೆ ಏಳುವಾಗ ಬಾಯಲ್ಲಿ ಮರಳಿನ ಹರಳಿನಂಥ ಚೂರು ಸಿಕ್ಕಿತ್ತು. ನಾಲಿಗೆ ಆಡಿಸಿದರೆ ಎಡಗಡೆಯ ದವಡೆಹಲ್ಲಿನ ಅಂಚು ಗರಗಸದ ಹಾಗೆ ತಾಗುತ್ತಿತ್ತು. ಹಿಂದಿನ ದಿನ ಗಟ್ಟಿಯಾದದ್ದೇನನ್ನೂ ಕಡಿದಿರಲಿಲ್ಲ.

ಅವರು ಪುಟ್ಟ ಕನ್ನಡಿ ಹಿಡಿದು ನೋಡಿದರು. ಇನ್ನೆರಡು ಹಲ್ಲಿನ ತುದಿಯೂ ಸವೆದು ಚಪ್ಪಟೆಯಾಗಿದೆ ಅಂದರು. ಕಿವಿಯ ಮುಂದೆ ಎರಡು ಬೆರಳಿಟ್ಟು ಕೆನ್ನೆಯ ಮಾಂಸವನ್ನು ಒತ್ತಿದಾಗ ನನ್ನ ಕಣ್ಣಲ್ಲಿ ನೀರು ಬಂತು. "ಟೆನ್ಶನ್ ಜಾಸ್ತಿ ಇದೆಯಾ?" "ಇಲ್ಲ ಡಾಕ್ಟ್ರೇ, ಆರಾಮಾಗಿದೀನಿ." ಈಚೆಗೆ ಯಾರು ಕೇಳಿದರೂ ಬಾಯಿಗೆ ತಾನಾಗೇ ಬರುವ ಉತ್ತರ ಅದು. ಅವರು ವಾದಕ್ಕಿಳಿಯಲಿಲ್ಲ. ಕೈಗವಸು ಬಿಚ್ಚುತ್ತ, ನನ್ನ ಮುಖವನ್ನೂ ನೋಡದೆ ಕೇಳಿದರು. "ಸರಿ. ಈಗ ನಿಮ್ಮ ಹಲ್ಲು ಎಲ್ಲಿದೆ?"

ಏನು ಕೇಳುತ್ತಿದ್ದಾರೆ ಅಂತ ತಕ್ಷಣ ಹೊಳೆಯಲಿಲ್ಲ. ಸುಮ್ಮನೆ ಕೂತೆ. ಆಮೇಲೆ ಗೊತ್ತಾಯಿತು. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಬೀಗ ಜಡಿದ ಹಾಗೆ ಕೂತಿತ್ತು. ಆರಾಮಾಗಿದೀನಿ ಅಂದ ಮಾತು ಬಾಯಿಂದ ಹೊರಬಿದ್ದ ಮರುಕ್ಷಣವೇ ಬಾಯಿ ಹಾಗೆ ಬಿಗಿದುಕೊಂಡಿತ್ತು.

ಸುಮ್ಮನಿರುವಾಗ ತುಟಿ ಸೇರಿರಬೇಕು, ಹಲ್ಲು ಸೇರಿರಬಾರದು ಅಂತ ಅವರು ಹೇಳಿದರು. ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಜಾಗ ಇರುತ್ತದಂತೆ. ಅಗಿಯುವಾಗ, ನುಂಗುವಾಗ ತಾಗಿದರೆ ಸಾಕು, ಉಳಿದ ಹೊತ್ತು ಅವಕ್ಕೆ ಪರಸ್ಪರ ಕೆಲಸವೇ ಇಲ್ಲ. ನಲವತ್ತೆರಡು ವರ್ಷ ಈ ಬಾಯಿ ಇಟ್ಟುಕೊಂಡು ಬದುಕಿದವಳಿಗೆ ಇಷ್ಟು ಸಣ್ಣ ಸಂಗತಿಯನ್ನು ಯಾರೂ ಹೇಳಿರಲಿಲ್ಲ. ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳಲು ಒಂದು ಗಾರ್ಡ್ ಮಾಡಿಕೊಡುತ್ತೇನೆ ಅಂದರು. "ಹಗಲಿಗೆ ಗಾರ್ಡ್ ಇಲ್ಲ. ಹಗಲಿಗೆ ನೀವೇ."

ಅವರು ಹೆಚ್ಚು ಮಾತಾಡುವವರಲ್ಲ. ಆ ಜಾಗದಲ್ಲಿ ಇನ್ನೊಬ್ಬರಿದ್ದಿದ್ದರೆ ಒತ್ತಡ ಕಡಿಮೆ ಮಾಡಿಕೊಳ್ಳಿ ಅಂತ ಐದು ನಿಮಿಷ ಉಪದೇಶ ಕೊಟ್ಟು ಕಳಿಸುತ್ತಿದ್ದರು, ನಾನೂ ತಲೆಯಾಡಿಸಿ ಬರುತ್ತಿದ್ದೆ. ಈ ಹೆಂಗಸು ಬರೀ ಎಲ್ಲಿದೆ ಅಂತ ಕೇಳಿದರು. ಅದಕ್ಕೇ ಆ ಪ್ರಶ್ನೆ ಬೆನ್ನು ಬಿಡುತ್ತಿಲ್ಲ ಅನ್ನಿಸುತ್ತದೆ.

ಅವತ್ತು ಮಧ್ಯಾಹ್ನ ಕೆಲಸಕ್ಕೆ ಕೂತಾಗ ಪ್ರಶ್ನೆಯೂ ಜೊತೆಗೆ ಬಂದು ಕೂತಿತು. ಈಗ ಹಲ್ಲು ಎಲ್ಲಿದೆ? ಕಚ್ಚಿಕೊಂಡಿದೆ. ಬಿಟ್ಟೆ. ಹತ್ತು ನಿಮಿಷದ ಮೇಲೆ ಮತ್ತೆ ಕೇಳಿಕೊಂಡೆ. ಕಚ್ಚಿಕೊಂಡಿದೆ. ಮ್ಯಾನೇಜರ್ ಹೆಸರು ಇನ್‌ಬಾಕ್ಸಿನಲ್ಲಿ ಕಂಡ ಕೂಡಲೇ, ಅದರಲ್ಲಿ ಏನಿದೆ ಅಂತ ಓದುವ ಮೊದಲೇ, ದವಡೆ ಸಿದ್ಧವಾಗಿರುತ್ತಿತ್ತು. ಅವರು ಕೆಟ್ಟವರಲ್ಲ, ಧ್ವನಿ ಏರಿಸಿದ್ದು ನನಗೆ ನೆನಪಿಲ್ಲ. ಆದರೆ ಒಂದು ಸಾಲಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಎರಡು ಹಾಕುವ ಅಭ್ಯಾಸ ಅವರಿಗಿದೆ. ಎರಡನೆಯದು ಯಾಕೆ ಬೇಕು ಅಂತ ಅವರು ಒಮ್ಮೆಯಾದರೂ ಯೋಚಿಸಬೇಕಿತ್ತು.

ಇವೆಲ್ಲ ಊಹಿಸಬಹುದಾದ ಹೊತ್ತುಗಳು. ನನ್ನನ್ನು ನಿಜವಾಗಿ ಅಲುಗಿಸಿದ್ದು ಬುಧವಾರದ ಬೆಳಗು.

ಮೂರು ವರ್ಷದಿಂದ ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಧ್ಯಾನಕ್ಕೆ ಕೂರುತ್ತೇನೆ. ಮೂಗಿನ ತುದಿಯಲ್ಲಿ ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು, ಅದರ ಮೇಲೆ ಗಮನ. ಮನಸ್ಸು ಓಡಿದರೆ ಹಿಡಿದು ತರುತ್ತೇನೆ. ಇದು ನನಗೆ ಚೆನ್ನಾಗಿ ಬರುತ್ತದೆ ಅಂತಲೇ ನಂಬಿದ್ದೆ. ಬುಧವಾರ ಕೂತು ಎಂಟು ಹತ್ತು ನಿಮಿಷವಾಗಿರಬೇಕು, ಡಾಕ್ಟರ ದನಿ ಕೇಳಿತು. ಈಗ ಹಲ್ಲು ಎಲ್ಲಿದೆ? ಗಟ್ಟಿಯಾಗಿ ಕಚ್ಚಿಕೊಂಡಿತ್ತು. ನಾಲಿಗೆ ಅಂಗುಳಕ್ಕೆ ಒತ್ತಿ ನಿಂತಿತ್ತು. ಭುಜಗಳು ಕಿವಿಯ ಹತ್ತಿರ ಬಂದಿದ್ದವು, ಹೊಟ್ಟೆ ಒಳಕ್ಕೆ ಎಳೆದುಕೊಂಡಿತ್ತು. ಉಸಿರನ್ನು ನಾನು ಗಮನಿಸುತ್ತಿರಲಿಲ್ಲ, ಕಾವಲು ಕಾಯುತ್ತಿದ್ದೆ. ಮೂರು ವರ್ಷ ಹೀಗೇ ಕೂತಿದ್ದೆನೋ ಏನೋ. ಆಸನದಿಂದ ಏಳದೆ ಸ್ವಲ್ಪ ಹೊತ್ತು ಅತ್ತೆ. ದುಃಖಕ್ಕಿಂತ ಹೆಚ್ಚಾಗಿ, ಪಕ್ಕದಲ್ಲೇ ಕೂತವರನ್ನು ವರ್ಷಗಟ್ಟಲೆ ಮಾತಾಡಿಸದೆ ಬಿಟ್ಟ ಹಾಗೆ ಅನ್ನಿಸಿತು.

1920ರ ದಶಕದಲ್ಲಿ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಇದನ್ನೇ ಹಿಡಿದು ಕೂತಿದ್ದರು. ಆರಾಮಾಗಿದ್ದೇನೆ ಅಂತ ಮಲಗಿದವರ ಸ್ನಾಯುಗಳಲ್ಲಿ ಕೂಡ ಬಿಗಿತ ಉಳಿದಿರುತ್ತದೆ, ಅದು ಅವರಿಗೇ ತಿಳಿದಿರುವುದಿಲ್ಲ ಅನ್ನುವುದು ಅವರು ಕಂಡುಕೊಂಡ ಸಂಗತಿ. ಅದಕ್ಕೆ ಅವರು ಹೇಳಿಕೊಟ್ಟ ದಾರಿ ನನಗೆ ಇಷ್ಟ: ಒಂದು ಸ್ನಾಯುವನ್ನು ಬೇಕೆಂದೇ ಬಿಗಿ ಮಾಡು, ಬಿಗಿ ಅಂದರೆ ಹೇಗಿರುತ್ತದೆ ಅಂತ ತಿಳಿ, ಆಮೇಲೆ ಬಿಡು. ಬಿಗಿಯ ರುಚಿ ಗೊತ್ತಿಲ್ಲದವನಿಗೆ ಬಿಡು ಅಂದರೆ ಏನನ್ನು ಬಿಟ್ಟಾನು? ನಾನು ಹಲ್ಲು ಕಚ್ಚಿ ಐದು ಎಣಿಸಿ ಬಿಟ್ಟು ನೋಡಿದೆ. ಕೆನ್ನೆಯ ಒಳಗೆ ಬಿಸಿ ನೀರು ಇಳಿದ ಹಾಗಾಯಿತು.

ಇನ್ನೂ ಹಿಂದೆ ಹೋದರೆ, ದೇಹ, ಮನಸ್ಸನ್ನು ಗಮನಿಸುವುದರ ಬಗ್ಗೆ ಬುದ್ಧ ಕೊಟ್ಟ ಸತಿಪಟ್ಠಾನ ಉಪದೇಶದಲ್ಲಿ ಉಸಿರಿನ ಬಗ್ಗೆ ಬರುವ ಮೊದಲ ಮಾತು ಉಸಿರನ್ನು ಉದ್ದ ಮಾಡು ಅಂತಲ್ಲ. ಉದ್ದವಾಗಿ ಎಳೆದುಕೊಳ್ಳುವಾಗ ಉದ್ದವಾಗಿ ಎಳೆದುಕೊಳ್ಳುತ್ತಿದ್ದೇನೆ ಅಂತ ತಿಳಿಯುತ್ತಾನೆ, ಗಿಡ್ಡವಾಗಿದ್ದರೆ ಗಿಡ್ಡವಾಗಿದೆ ಅಂತ ತಿಳಿಯುತ್ತಾನೆ. ಎಷ್ಟೋ ಸಲ ಕೇಳಿದ ಮಾತು. ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಕೂತು ಬಂದ ಮೇಲೆ ಅದು ಬೇರೆ ಥರ ಕೇಳಿಸುತ್ತಿದೆ.

ನನ್ನ ಸಹೋದ್ಯೋಗಿಯೊಬ್ಬಳಿದ್ದಾಳೆ. ಯಾರು ಏನು ಹೇಳಿಕೊಂಡರೂ "ರಿಲ್ಯಾಕ್ಸ್ ಆಗು" ಅನ್ನುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾಳೆ, ನನಗೆ ಗೊತ್ತು. ಆದರೆ ಆ ಮಾತು ಕೇಳಿದಾಗಲೆಲ್ಲ ಮಾಡಬೇಕಾದ ಕೆಲಸಗಳ ಪಟ್ಟಿಗೆ ಇನ್ನೊಂದು ಕೆಲಸ ಸೇರಿದ ಹಾಗಾಗುತ್ತದೆ, ಅದೂ ಮುಗಿಸಲಾಗದ ಕೆಲಸ. ಕಚೇರಿಯಲ್ಲಿ ಕಳೆದ ತಿಂಗಳು ಮಾಡಿಸಿದ ಒತ್ತಡ ನಿರ್ವಹಣೆಯ ತರಬೇತಿಯ ಬಗ್ಗೆಯೂ ನನಗೆ ಇದೇ ಬೇಸರ. ಇಬ್ಬರ ಕೆಲಸ ಒಬ್ಬರ ಮೇಲೆ ಹೇರಿ, ಆಮೇಲೆ ಆ ಒಬ್ಬರಿಗೆ ಉಸಿರಾಡುವುದು ಹೇಗೆ ಅಂತ ಕಲಿಸುವುದು ಸರಿಯಲ್ಲ. ದೇಹದ ಕಡೆ ಗಮನ ಕೊಡುವುದು ಹೊರೆಯನ್ನು ಹೊತ್ತುಕೊಂಡೇ ಇರುವ ಉಪಾಯ ಆಗಬಾರದು. ಹೊರೆ ಎಷ್ಟಿದೆ ಅಂತ ತಿಳಿದು, ಇದು ನನ್ನಿಂದ ಆಗುವುದಿಲ್ಲ ಅಂತ ಹೇಳಲಿಕ್ಕೂ ಅದೇ ಗಮನ ಬೇಕು.

ಯೋಚಿಸಿದರೆ, ನಮ್ಮ ಮಾತಿಗೆ ಈ ದೇಹ ಎಂದೋ ಗೊತ್ತಿತ್ತು. ತಲೆ ಬಿಸಿಯಾಯಿತು, ಎದೆ ಧಸಕ್ಕೆಂದಿತು, ಕರುಳು ಚುರಕ್ಕೆಂದಿತು, ಕೈಕಾಲು ತಣ್ಣಗಾಯಿತು, ಉಸಿರು ಬಿಗಿಹಿಡಿದು ಕೂತೆ. ಇವು ಬರೀ ಅಲಂಕಾರಗಳಲ್ಲ. ಹೆದರಿದಾಗ ಅಡ್ರಿನಲಿನ್ ಹರಿದು, ಚರ್ಮದ ರಕ್ತನಾಳಗಳು ಕಿರಿದಾಗಿ, ರಕ್ತ ದೊಡ್ಡ ಸ್ನಾಯುಗಳ ಕಡೆ ಹೋಗುತ್ತದೆ, ಕೈ ನಿಜಕ್ಕೂ ತಣ್ಣಗಾಗುತ್ತದೆ. ಒಳಗಿನ ಈ ಸುದ್ದಿಗಳನ್ನು ಗ್ರಹಿಸುವ ಶಕ್ತಿಗೆ ಶಾಸ್ತ್ರದಲ್ಲಿ ಇಂಟರೋಸೆಪ್ಶನ್ ಅನ್ನುತ್ತಾರೆ. ಅದರ ಬೇರು ಬ್ರಿಟಿಷ್ ನರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಬಳಸಿದ ಪದಗಳಲ್ಲಿದೆ. ಹೆಸರಿಡುವ ಮೊದಲೇ ಅಜ್ಜಿಯಂದಿರು ಅದನ್ನು ದಿನಾ ಆಡುತ್ತಿದ್ದರು. ನಾವು ಆ ಮಾತುಗಳನ್ನು ಉಳಿಸಿಕೊಂಡು ಅವು ತೋರಿಸುವ ಜಾಗವನ್ನು ಮರೆತೆವು.

ಅದರ ಜೊತೆಗೇ ಇನ್ನೊಂದು ಮಾತನ್ನೂ ನಮಗೆ ಕಲಿಸಿದರು. ಹಲ್ಲು ಕಚ್ಚಿಕೊಂಡು ಇರು. ನಮ್ಮಪ್ಪನ ಬಾಯಲ್ಲಿ ಅದೊಂದು ಹೊಗಳಿಕೆ. "ಹಲ್ಲು ಕಚ್ಚಿ ಸಂಸಾರ ಮಾಡಿದೆ" ಅನ್ನುತ್ತಿದ್ದರು. ಅವರ ಕೆನ್ನೆಯ ಮೂಲೆಯಲ್ಲಿ ಒಂದು ಗಂಟು ಮೇಲೆ ಕೆಳಗೆ ಆಡುತ್ತಿತ್ತು, ಪತ್ರಿಕೆ ಓದುವಾಗಲೂ. ಚಿಕ್ಕವಳಿದ್ದಾಗ ಅದರ ಮೇಲೆ ಬೆರಳಿಡುತ್ತಿದ್ದೆ. ಆ ಸ್ನಾಯುವಿಗೆ ಮ್ಯಾಸೆಟರ್ ಅನ್ನುವ ಹೆಸರಿದೆ ಅಂತ ಈ ವಾರ ಗೊತ್ತಾಯಿತು. ಕೊನೆಯ ದಿನಗಳಲ್ಲಿ, ಪ್ರಜ್ಞೆ ತಪ್ಪಿದ ಮೇಲೆ, ಅವರ ದವಡೆ ಸಡಿಲವಾಗಿ ಬಾಯಿ ಚೂರು ತೆರೆದಿತ್ತು. ಅಮ್ಮ ಅದನ್ನು ಮುಚ್ಚಲು ನೋಡುತ್ತಿದ್ದಳು. ನನಗೆ ಅವರ ಮುಖ ಅಷ್ಟು ಮೃದುವಾಗಿ ಕಂಡದ್ದು ಅದೇ ಮೊದಲು.

ಎಲ್ಲರಿಗೂ ಒಳಗೆ ನೋಡಿದರೆ ಸಮಾಧಾನ ಸಿಗುತ್ತದೆ ಅಂತಲ್ಲ. ಗುರುವಾರ ರಾತ್ರಿ ನಿದ್ದೆ ಬರದೆ ಬಾಡಿ ಸ್ಕ್ಯಾನ್ ಮಾಡಲು ಹೋದೆ. ಅಮೆರಿಕದ ಧ್ಯಾನ ಶಿಕ್ಷಕ ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ಬಿಡದ ನೋವಿನಿಂದ ಬಳಲುವವರಿಗೆಂದು ಶುರುಮಾಡಿದ ಕಾರ್ಯಕ್ರಮದಲ್ಲಿ ಇದೂ ಒಂದು ಮುಖ್ಯ ಅಭ್ಯಾಸ. ಮಲಗಿ ಕಾಲ್ಬೆರಳಿನಿಂದ ತಲೆಯವರೆಗೆ ಒಂದೊಂದೇ ಭಾಗಕ್ಕೆ ಗಮನ ಒಯ್ಯುವುದು. ಎದೆಯ ಹತ್ತಿರ ಬರುತ್ತಲೇ ನನ್ನ ಹೃದಯ ಬಡಿಯುವುದು ದೊಡ್ಡದಾಗಿ ಕೇಳತೊಡಗಿತು. ಗಮನಿಸಿದಷ್ಟೂ ಜೋರಾಯಿತು, ಭಯವೇ ಆಯಿತು. ಹಟ ಹಿಡಿಯಲಿಲ್ಲ. ಕಣ್ಣು ಬಿಟ್ಟು, ಎದ್ದು ಕೂತು, ಎರಡೂ ಪಾದ ನೆಲಕ್ಕೆ ಊರಿ ನೆಲ ಎಷ್ಟು ತಣ್ಣಗಿದೆ ಅಂತ ಮಾತ್ರ ನೋಡಿದೆ. ಉಸಿರನ್ನು ಹೊರಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಮೆದುಳಿನಿಂದ ಇಳಿದು ಬರುವ ಹತ್ತನೆಯ ನರ, ವೇಗಸ್, ಮಾಡುವ ಕೆಲಸ ಅದು. ಹಾಗಾಗಿ ಹೊರಬಿಡುವುದನ್ನು ಉದ್ದ ಮಾಡಿದೆ, ನಿಟ್ಟುಸಿರಿನ ಹಾಗೆ. ಹಳೆಯ ಆಘಾತ ಹೊತ್ತವರಿಗೆ ಎದೆ, ಹೊಟ್ಟೆಯ ಕಡೆ ಗಮನ ಒಯ್ಯುವುದೇ ಕಷ್ಟವಾಗಬಹುದು. ಅಂಥವರು ಒಬ್ಬರೇ ಕಣ್ಣು ಮುಚ್ಚಿ ಸೆಣಸುವ ಬದಲು ತಿಳಿದವರ ಜೊತೆ ಕೂರುವುದೇ ಒಳ್ಳೆಯದು.

ಹಲ್ಲಿನ ಪ್ರಶ್ನೆಗೆ ಆ ಭಯ ಇಲ್ಲ. ಅದು ಪುಟ್ಟ ಜಾಗ. ಒಂದು ಕ್ಷಣ ಹೋಗಿ ನೋಡಿ ಬರಬಹುದು.

ನಿನ್ನೆ ರಾತ್ರಿ ಅಕ್ಕ ಫೋನ್ ಮಾಡಿದಳು. ಈಗ ಅಮ್ಮ ಅವಳ ಹತ್ತಿರ ಇದ್ದಾಳೆ. ದಿನಾ ಅದೇ ಹೊತ್ತಿಗೆ ಮಾಡುತ್ತಾಳೆ, ದಿನಾ ಅದೇ ಮಾತು: ಊಟ ಮಾಡಿದಳು, ಮಾತ್ರೆ ಕೊಟ್ಟೆ, ಎಲ್ಲ ಸರಿ ಇದೆ. ಅಕ್ಕ ಚಿಕ್ಕಂದಿನಿಂದ ಹಾಗೇ. ಮನೆಯಲ್ಲಿ ಏನೇ ಒಡೆದರೂ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಗುವವಳು. ನಾನು ಹಲ್ಲಿನ ಕಥೆಯನ್ನೆಲ್ಲ ಹೇಳಿದೆ. ಹೂಂ, ಹೂಂ ಅಂತಿದ್ದಳು. ಕೊನೆಗೆ ಸುಮ್ಮನೆ ಕೇಳಿದೆ.

"ಅಕ್ಕಾ, ಈಗ ನಿನ್ನ ಹಲ್ಲು ಎಲ್ಲಿದೆ?"

"ಇದೇನೇ ಇದು" ಅಂದಳು. ಆಮೇಲೆ ಏನೂ ಅನ್ನಲಿಲ್ಲ. ಕಾಲ್ ಕಟ್ಟಾಯಿತೇನೋ ಅಂತ ಪರದೆ ನೋಡಿದೆ, ಸೆಕೆಂಡುಗಳು ಓಡುತ್ತಿದ್ದವು. ಅವಳು ಉಸಿರು ಬಿಟ್ಟದ್ದು ಕೇಳಿಸಿತು, ಉದ್ದಕ್ಕೆ, ನಡುಗುತ್ತ.

ಆಮೇಲೆ ಅಮ್ಮನ ರಿಪೋರ್ಟಿನಲ್ಲಿ ಎರಡನೆಯ ಪುಟವೂ ಇದೆ ಅಂದಳು. ನನಗೆ ಹೇಳಬಾರದು ಅಂತ ಮೂರು ವಾರದಿಂದ ಹಲ್ಲು ಕಚ್ಚಿಕೊಂಡಿದ್ದಳಂತೆ.