ಮೂರು ಜಿಲ್ಲೆಗಳ ಏರುಗಳ ಪಟ್ಟಿ: ಈವರೆಗಿನ ಕೆಲಸ

ಸೈಕಲ್ ಅಭ್ಯಾಸಕ್ಕೆ ಬೇಕಿರುವುದು ಇಷ್ಟೇ: ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಒಂದೇ ಒತ್ತಡದಲ್ಲಿ ಪೆಡಲ್ ತುಳಿಯಲು ಬಿಡುವ ಡಾಂಬರು ಏರು. ನಡುವೆ ಇಳಿತ ಇರಬಾರದು, ಸರ್ಕಲ್ ಇರಬಾರದು, ಹಂಪುಗಳ ಸಾಲು ಇರಬಾರದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರರಲ್ಲೂ ಬೆಟ್ಟಕ್ಕೆ ಬರವಿಲ್ಲ, ಇಂಥ ಏರಿಗೆ ಬರ. ಇಲ್ಲಿನ ನೆಲವೇ ಹೆಚ್ಚುಕಡಿಮೆ 700–900 ಮೀಟರ್ ಎತ್ತರದ ಮಟ್ಟಸ ಬಯಲು. ಬೆಟ್ಟಗಳು ಅದರ ಮೇಲೆ ತಂದಿಟ್ಟ ಗುಂಡುಗಳ ಹಾಗೆ ಕೂತಿವೆ. ತಪ್ಪಲು ಎಂಬುದೇ ಇಲ್ಲದೆ ಬಂಡೆ ಸೀದಾ ಮೇಲೇಳುತ್ತದೆ. ಮಧುಗಿರಿ ಏಕಶಿಲೆ, ಸ್ಕಂದಗಿರಿ, ಸಿದ್ಧರಬೆಟ್ಟ ಇವೆಲ್ಲ ಕಾಲಿಗೆ ಕೆಲಸ, ಚಕ್ರಕ್ಕಲ್ಲ. ಇವು ಪಟ್ಟಿ ಶುರುವಾಗುವ ಮೊದಲೇ ಹೊರಗೆ.

ಮೊದಲ ಸುತ್ತು: ನಕ್ಷೆಯ ಮೇಲೆ

ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ನಡುವಿನ ಎತ್ತರದ ಅಂತರ 20 ಮೀಟರ್. ನೆಲದ ಒಂದು ಕಿ.ಮೀ. ಅಲ್ಲಿ 2 ಸೆಂ.ಮೀ. ರಸ್ತೆಯ ಗೆರೆ ಆ 2 ಸೆಂ.ಮೀ. ಒಳಗೆ ಮೂರು ರೇಖೆ ದಾಟಿದರೆ ಶೇ. 6ರ ಏರು. ರೇಖೆಗಳು ಎಷ್ಟಿವೆ ಅನ್ನುವುದಕ್ಕಿಂತ ಅವುಗಳ ನಡುವಿನ ಜಾಗ ಸಮವಾಗಿದೆಯೇ ಅನ್ನುವುದು ಮುಖ್ಯ. ಸಮವಾಗಿದ್ದರೆ ಹದವಾದ ಏರು. ಎರಡು ಒತ್ತೊತ್ತಾಗಿ, ಮುಂದಿನದು ದೂರದಲ್ಲಿದ್ದರೆ ಅದು ಮೆಟ್ಟಿಲು.

ಸವಾರಿ ದಾಖಲಿಸುವ ಆ್ಯಪ್ ಸ್ಟ್ರಾವಾದಲ್ಲಿ ಏರಿನ ದರ್ಜೆ ನೋಡಿ ಆರಿಸುವವರು ಮೋಸಹೋಗುವುದು ಇಲ್ಲೇ. ಆ ದರ್ಜೆ ಬರುವುದು ಮೀಟರಿನಲ್ಲಿ ಉದ್ದವನ್ನು ಸರಾಸರಿ ಶೇಕಡಾದಿಂದ ಗುಣಿಸಿ: 8,000 ದಾಟಿದರೆ ನಾಲ್ಕನೇ ದರ್ಜೆ, 16,000ಕ್ಕೆ ಮೂರು, 32,000ಕ್ಕೆ ಎರಡು, 64,000ಕ್ಕೆ ಒಂದು. ಅರ್ಧ ದೂರ ಶೇ. 2, ಉಳಿದರ್ಧ ಶೇ. 10 ಇದ್ದರೂ ಸರಾಸರಿ ಶೇ. 6 ಎಂದೇ ತೋರಿಸುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಪ್ರತಿ ಏರನ್ನೂ 500 ಮೀಟರಿನ ತುಂಡುಗಳಾಗಿ ಕತ್ತರಿಸಿ, ತುಂಡುಗಳ ನಡುವಿನ ವ್ಯತ್ಯಾಸ ಬರೆಯಲಾಗಿದೆ. ಅಕ್ಕಪಕ್ಕದ ತುಂಡುಗಳಲ್ಲಿ ಶೇ. 2ಕ್ಕಿಂತ ಹೆಚ್ಚು ಅಂತರ ಬಂದರೆ ಅದು ಈ ಕೆಲಸಕ್ಕೆ ಬೇಡ.

ಇನ್ನೊಂದು ತೊಡಕು. ಆನ್‌ಲೈನ್ ನಕ್ಷೆಗಳು ಕೊಡುವ ಎತ್ತರಗಳಲ್ಲಿ ಬಹುಪಾಲು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್‌ನಲ್ಲಿ ಅಳೆದವು, ಸುಮಾರು 30 ಮೀಟರಿನ ಚೌಕಗಳಲ್ಲಿ. ಬಂಡೆ ಕಡಿದು ಮಾಡಿದ ರಸ್ತೆಯಲ್ಲಿ ಗೆರೆ ಇಪ್ಪತ್ತು ಮೀಟರ್ ಪಕ್ಕಕ್ಕೆ ಸರಿದರೂ ಬಂಡೆಯ ನೆತ್ತಿಯ ಎತ್ತರವೇ ರಸ್ತೆಯದಾಗಿಬಿಡುತ್ತದೆ. ನೂರು ಮೀಟರಿನೊಳಗೆ ಶೇ. 20ರ ಗೋಪುರವೆದ್ದು ಮರುಕ್ಷಣ ಇಳಿದರೆ ಅದು ರಸ್ತೆಯಲ್ಲ, ಬಂಡೆ.

ಎರಡನೇ ಸುತ್ತು: ರಸ್ತೆಯ ಮೇಲೆ ಅಳತೆ

ದೂರಕ್ಕೆ ಚಕ್ರದ ಸೆನ್ಸರ್. ಜಿಪಿಎಸ್ ತಿರುವುಗಳ ಮೂಲೆ ಕತ್ತರಿಸಿ ದೂರವನ್ನು ಕಡಿಮೆ ತೋರಿಸುತ್ತದೆ, ಅದರಿಂದ ಶೇಕಡಾ ಸುಳ್ಳೇ ಏರುತ್ತದೆ. ಚಕ್ರದ ಸುತ್ತಳತೆಯನ್ನು ಟೈರಿನ ಮೇಲಿನ ಅಂಕಿ ನೋಡಿ ಹಾಕಿಕೊಳ್ಳಬಾರದು. ವಾಲ್ವ್ ನೆಲಕ್ಕೆ ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಸವಾರ ಸೀಟಿನ ಮೇಲೆ ಕೂತೇ ಒಂದು ಸುತ್ತು ಉರುಳಿಸಿ, ಮತ್ತೊಂದು ಗುರುತು ಹಾಕಿ ಮಿ.ಮೀ.ನಲ್ಲಿ ಅಳೆಯಬೇಕು. 2,105 ಎಂದುಕೊಂಡದ್ದು 2,085 ಆಗಿದ್ದರೆ ಅಲ್ಲೇ ಶೇ. 1 ತಪ್ಪು.

ಎತ್ತರಕ್ಕೆ, ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಬ್ಯಾರೋಮೀಟರ್ ಇರುವ ಸೈಕಲ್ ಕಂಪ್ಯೂಟರ್. ಅದಕ್ಕೆ ಸರಿಯಾದ ಎತ್ತರ ಎಲ್ಲಿ ಸಿಗುತ್ತದೆ? ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ. ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎಂದು ಬರೆದಿರುತ್ತಾರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಸ್ಟೇಷನ್ ಇದೆ, ಹೊರಡುವ ಮುಂಚೆ ಅಲ್ಲಿ ಎತ್ತರ ಹೊಂದಿಸಿಕೊಂಡರಾಯಿತು.

ಆದರೂ ಅದು ನಿಂತಲ್ಲಿ ನಿಲ್ಲುವುದಿಲ್ಲ. ನಮ್ಮ ಕಡೆ ಗಾಳಿಯ ಒತ್ತಡ ಬೆಳಗಿನ ಜಾವ 4ರ ಸುಮಾರಿಗೆ ಕಡಿಮೆ, 10ರ ಸುಮಾರಿಗೆ ಹೆಚ್ಚು. ಈ ಎತ್ತರದಲ್ಲಿ 1 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಎಂದರೆ ಸುಮಾರು 9 ಮೀಟರ್. ಆ ಹೊತ್ತಿನಲ್ಲಿ ಒತ್ತಡ 2 ಹೆಕ್ಟೋಪಾಸ್ಕಲ್ ಏರಿದರೆ ಯಂತ್ರ 18 ಮೀಟರ್ ಕಡಿಮೆ ತೋರಿಸುತ್ತದೆ. ಮದ್ದು ಸುಲಭ: ಬುಡದಲ್ಲಿ ಓದು, ತುದಿಯಲ್ಲಿ ಓದು, ಇಳಿದು ಮತ್ತೆ ಬುಡದಲ್ಲಿ ಓದು. ಬುಡದ ಎರಡು ಓದುಗಳ ವ್ಯತ್ಯಾಸವನ್ನು ಹೊತ್ತಿಗೆ ತಕ್ಕಂತೆ ಹಂಚಿ ಕಳೆಯುವುದು. ಎತ್ತರ ಬಹಳ ಹೊತ್ತು ಕದಲದೆ ಇದ್ದು ಒಮ್ಮೆಲೇ ಜಿಗಿದರೆ ಯಂತ್ರದ ಕೆಳಗಿನ ರಂಧ್ರಕ್ಕೆ ಬೆವರು ಕಟ್ಟಿದೆ ಎಂದರ್ಥ. ಸಿಹಿನೀರಿನಲ್ಲಿ ತೊಳೆಯಬೇಕು, ಪಿನ್ನು ಚುಚ್ಚಬಾರದು.

ಉಳಿದದ್ದು, ಬಿದ್ದದ್ದು

ನಂದಿಬೆಟ್ಟ (1,478 ಮೀ.): ಉಳಿಯಿತು. ಹೇಳಬೇಕೇ! ಬುಡದಿಂದ ಸುಮಾರು ಏಳೂವರೆ ಕಿ.ಮೀ., ಸರಾಸರಿ ಶೇ. 5.8ರ ಆಸುಪಾಸು, ಗುಣಿಸಿದರೆ 43,500, ಎರಡನೇ ದರ್ಜೆ. ಕೆಳಗಿನ ಭಾಗ ಹದವಾಗಿದೆ, ಮೇಲಿನ ತಿರುವುಗಳು ಕಡಿದು. ಆದ್ದರಿಂದ ಸಮ ಒತ್ತಡದ ಇಪ್ಪತ್ತು ನಿಮಿಷ ಬೇಕಾದವರು ಬುಡದಿಂದಲೇ ಗಡಿಯಾರ ಒತ್ತಿ, ಮೇಲಿನ ಕಡಿದು ಶುರುವಾಗುವ ಮುನ್ನ ನಿಲ್ಲಿಸುವುದು ಮೇಲು. ತಿರುವಿನಲ್ಲೂ ಒಂದು ಲೆಕ್ಕವಿದೆ. ಹಿಮ್ಮುರಿ ತಿರುವಿನ ಒಳಮಗ್ಗುಲು ಯಾವಾಗಲೂ ಕಡಿದು. ನಾವು ಎಡಕ್ಕೆ ಹೋಗುವವರಾದ್ದರಿಂದ ಎಡತಿರುವು ಬಂದಾಗಲೆಲ್ಲ ಆ ಕಡಿದೇ ನಮ್ಮ ಪಾಲು, ಬಲತಿರುವಿನಲ್ಲಿ ಉಸಿರಾಡಬಹುದು. ಎಡತಿರುವಿಗೆ ಹತ್ತು ಮೀಟರ್ ಮುಂಚೆಯೇ ಗೇರ್ ಇಳಿಸಬೇಕು. ತಿರುವಿನೊಳಗೆ ಇಳಿಸಿದರೆ ಭಾರ ಬಿದ್ದ ಚೈನು ಕಟಕಟ ಎನ್ನುತ್ತದೆ. ಶನಿವಾರ, ಭಾನುವಾರ ಬೆಳಿಗ್ಗೆ ಸೂರ್ಯೋದಯದ ಕಾರುಗಳ ಸಾಲಿನಲ್ಲಿ ಸಮ ಒತ್ತಡ ಕನಸಿನ ಮಾತು. ವಾರದ ನಡುವೆ ಹೋಗಬೇಕು.

ದೇವರಾಯನದುರ್ಗ (1,204 ಮೀ.): ಈ ಪಟ್ಟಿಯಿಂದ ಬಿತ್ತು, ಇನ್ನೊಂದಕ್ಕೆ ಸೇರಿತು. ನಾಮದ ಚಿಲುಮೆಯ ಕಾಡು ದಾಟಿ ಭೋಗ ನರಸಿಂಹನ ಗುಡಿಯವರೆಗೆ ಒಂದು ಏರು, ಅಲ್ಲಿಂದ ಯೋಗ ನರಸಿಂಹನ ಕಡೆಗೆ ಇನ್ನೊಂದು, ಎರಡರ ಗುಣವೇ ಬೇರೆ. ನಾಲ್ಕೈದು ನಿಮಿಷದ ಜೋರು ತುಳಿತಕ್ಕೆ, ಇಳಿದು ಮತ್ತೆ ಹತ್ತುವುದಕ್ಕೆ ಡಿಡಿ ಹಿಲ್ಸ್ ಹೇಳಿ ಮಾಡಿಸಿದ ಜಾಗ. ಕೋತಿಗಳಿವೆ, ಜೇಬಿನ ಬಾಳೆಹಣ್ಣು ಕಾಣಿಸಬಾರದು.

ಕೋಲಾರ: ಅಂತರಗಂಗೆಯ ಬುಗ್ಗೆಗೆ ಮೆಟ್ಟಿಲು. ತೇರಹಳ್ಳಿ ಕಡೆಗೆ ಹತ್ತುವ ರಸ್ತೆ ಊರಂಚಿನಲ್ಲೇ ಇರುವುದು ಅನುಕೂಲ, ಆದರೆ ಬೇಗ ಮುಗಿಯುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪೆರೇಸಂದ್ರದ ಕಡೆಯ ಆವಲಬೆಟ್ಟವೂ ಚಿಕ್ಕದು, ಕಡಿದು. ಉದ್ದವೇ ಬೇಕೆಂದರೆ ಕೋಲಾರದವರು ಶ್ರೀನಿವಾಸಪುರ, ಮದನಪಲ್ಲಿ ದಾಟಿ ಆಂಧ್ರದ ಹಾರ್ಸ್ಲಿ ಬೆಟ್ಟಕ್ಕೇ ಹೋಗಬೇಕು.

ಗೇರು: ಈ ಸುತ್ತಿನ ಮುಖ್ಯ ಬದಲಾವಣೆ

ಸವಾರ, ಸೈಕಲ್, ನೀರು ಸೇರಿ 76 ಕೆ.ಜಿ. ಎಂದುಕೊಳ್ಳಿ. ಶೇ. 5.8ರಲ್ಲಿ ಗಂಟೆಗೆ 12 ಕಿ.ಮೀ. ಹೋಗಲು 170 ವ್ಯಾಟ್ ಹತ್ತಿರ ಬೇಕು. 34/28 ಗೇರಿನಲ್ಲಿ (ಮುಂದೆ 34 ಹಲ್ಲು, ಹಿಂದೆ 28) ಪೆಡಲ್ ನಿಮಿಷಕ್ಕೆ 78 ಸುತ್ತು, ಸುಖ. ಅದೇ 170 ವ್ಯಾಟ್‌ಗೆ ಶೇ. 10ರಲ್ಲಿ ವೇಗ ಏಳೂವರೆಗೆ ಇಳಿಯುತ್ತದೆ, ಪೆಡಲ್ 49ಕ್ಕೆ. ಮಂಡಿ ಕೇಳುವುದಿಲ್ಲ, ಸವಾರ ಎದ್ದು ನಿಲ್ಲುತ್ತಾನೆ, ಸಮ ಒತ್ತಡದ ಕಥೆ ಅಲ್ಲಿಗೆ ಮುಗಿಯಿತು. 34/34ರಲ್ಲಿ 60 ಸಿಗುತ್ತದೆ.

ಹಾಗಾಗಿ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್, 11-28 ತೆಗೆದು 11-34. ಶಿಮಾನೋ 105 ಆರ್7000 ಗೇರ್ ಸೆಟ್‌ನಲ್ಲಿ, ಚೈನು ಸರಿಸುವ ಡಿರೈಲರ್‌ನ ಕೇಜ್ (ಚೈನು ಬಿಗಿ ಹಿಡಿಯುವ ತೋಳು) ಚಿಕ್ಕದಾದರೆ ಅದು 30 ಹಲ್ಲಿಗೇ ನಿಲ್ಲುತ್ತದೆ, ಉದ್ದ ಕೇಜಿನ ಜಿಎಸ್ ಬೇಕು. ಎಲ್ಲರೂ ಎಡವುವುದು ಇಲ್ಲಿ: ಎಚ್‌ಜಿ700, ಎಚ್‌ಜಿ800 ಕ್ಯಾಸೆಟ್‌ಗಳನ್ನು 11 ಸ್ಪೀಡ್ ರೋಡ್ ಸೈಕಲ್ಲಿನ ಹಿಂಚಕ್ರದ ಹಬ್‌ಗೆ ಹಾಕುವಾಗ ಹಿಂದೆ 1.85 ಮಿ.ಮೀ. ಸ್ಪೇಸರ್ (ಜಾಗ ತುಂಬುವ ಬಿಲ್ಲೆ) ಕಡ್ಡಾಯ. ಅದನ್ನು ಬಿಟ್ಟರೂ ಕ್ಯಾಸೆಟ್ ಹಿಡಿದಿಡುವ ಬಳೆಯಾದ ಲಾಕ್‌ರಿಂಗ್ ಬಿಗಿಯಾದಂತೆಯೇ ಅನಿಸುತ್ತದೆ, ಏಕೆಂದರೆ ಅದು ಹಬ್‌ನ ಅಂಚಿಗೆ ತಾಗಿ ನಿಂತಿರುತ್ತದೆ; ಕ್ಯಾಸೆಟ್ ಮಾತ್ರ ಒಳಗೆ ಲೊಡಲೊಡ. ದೊಡ್ಡ ಹಲ್ಲುಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ತಿಳಿಯುತ್ತದೆ. ಲಾಕ್‌ರಿಂಗ್ ಬಿಗಿಸುವುದು 40 ನ್ಯೂಟನ್ ಮೀಟರ್‌ಗೆ. ಹಳೆಯ ಚೈನಿನ ಉದ್ದ ಸಾಲದು. ಮುಂದೆ ದೊಡ್ಡದು, ಹಿಂದೆ ದೊಡ್ಡದು ಹಾಕಿದಾಗ ಕೇಜ್ ಪೂರ್ತಿ ಸೆಟೆದುಕೊಂಡರೆ ಡಿರೈಲರ್ ಕೂರುವ ಹ್ಯಾಂಗರ್ ಮುರಿಯುವ ದಿನ ದೂರವಿಲ್ಲ.

ಈಗ ನಿಂತಿರುವ ಕೆಲಸ

ಸುಗ್ಗಿ ಶುರುವಾದರೆ ಹಳ್ಳಿ ರಸ್ತೆಗಳಲ್ಲಿ ಒಕ್ಕಣೆ. ರಾಗಿ ಹುಲ್ಲಾದರೆ ಜಾರುತ್ತದೆ, ಅಷ್ಟೇ. ಹುರುಳಿ ಬಳ್ಳಿಯಾದರೆ ಡಿರೈಲರ್‌ಗೆ ಸುತ್ತಿಕೊಂಡು ಅದನ್ನು ಕಡ್ಡಿಗಳೊಳಕ್ಕೇ ಎಳೆದುಬಿಡುತ್ತದೆ. ಅದರ ಮೇಲೆ ತುಳಿಯದೆ ಇಳಿದು ಸೈಕಲ್ ಎತ್ತಿಕೊಂಡು ದಾಟಬೇಕು. ಬೆಟ್ಟದ ಬುಡದ ಹಳ್ಳಿಗಳ ಅಳತೆಯನ್ನು ಕಣ ಎದ್ದ ಮೇಲೆಯೇ ಮುಂದುವರಿಸುವುದು.

ಬಯಲಿನಲ್ಲಿ ಒಂದು ಬದಲಿ ದಾರಿ ಪರೀಕ್ಷೆಗಿದೆ: ಆಷಾಢದ ಪಡುವಣ ಗಾಳಿಗೆ ಎದುರಾಗಿ ಗೌರಿಬಿದನೂರಿನಿಂದ ಮಧುಗಿರಿ ಕಡೆಗೆ. ಗಾಳಿಯೇ ಬೆಟ್ಟ. ಏರಿನಲ್ಲಿ ಪೆಡಲ್ ಬಿಟ್ಟರೆ ಸೈಕಲ್ ತಕ್ಷಣ ನಿಲ್ಲುತ್ತದೆ, ಗಾಳಿಯಲ್ಲಿ ಇನ್ನಷ್ಟು ದೂರ ಉರುಳುತ್ತದೆ, ಆ ವ್ಯತ್ಯಾಸ ಇದ್ದೇ ಇರುತ್ತದೆ. ನಂದಿಯ ಕೆಳಭಾಗದ ಇಪ್ಪತ್ತು ನಿಮಿಷದ ಪವರ್ (ವ್ಯಾಟ್) ಗೆರೆಯ ಪಕ್ಕಕ್ಕೆ ಇದರ ಗೆರೆ ಇಟ್ಟು ನೋಡುವುದು ಮುಂದಿನ ಸುತ್ತಿನ ಕೆಲಸ.