ಪದಗಳ ಎಣಿಕೆ ಬೇರೆ, ಮಹತ್ತಮ ಘಾತ ಬೇರೆ

ಮೂಡಿಗೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಗಣಿತ ಕಲಿಸುವ ನನಗೆ ಬಹುಪದೋಕ್ತಿಗಳ ಅಧ್ಯಾಯದಲ್ಲಿ ಪ್ರತಿವರ್ಷವೂ ಎದುರಾಗುವ ತೊಡಕು ಒಂದೇ: ಎರಡು ಪದಗಳ ದ್ವಿಪದೋಕ್ತಿಯ ಮಹತ್ತಮ ಘಾತ, ಅಂದರೆ ಅದರಲ್ಲಿನ ಚರಾಕ್ಷರದ ಅತಿ ದೊಡ್ಡ ಘಾತ, 1; ಮೂರು ಪದಗಳ ತ್ರಿಪದೋಕ್ತಿಯದು 2 ಎಂದು ಮಕ್ಕಳು ನಂಬಿಬಿಟ್ಟಿರುತ್ತಾರೆ. ಅವರನ್ನು ದೂರುವಂತಿಲ್ಲ, ಎಕ್ಸ್ + 5, ಎಕ್ಸ್² + 5ಎಕ್ಸ್ + 6 ಇಂಥ ಉದಾಹರಣೆಗಳೇ ಅವರ ಕಣ್ಣಿಗೆ ಹೆಚ್ಚಾಗಿ ಬೀಳುತ್ತವೆ.

ಆದ್ದರಿಂದ ವ್ಯಾಖ್ಯೆಗೆ ಮೊದಲು ನಾನು ಕಾಫಿ ಒಣಗಿಸುವ ಕಣವನ್ನು ಎತ್ತಿಕೊಳ್ಳುತ್ತೇನೆ. ಅಗಲ ಎಕ್ಸ್ ಮೀಟರ್, ಉದ್ದ ಅದಕ್ಕಿಂತ 3 ಮೀಟರ್ ಹೆಚ್ಚು ಎಂದಿಟ್ಟುಕೊಂಡರೆ, ಅಂಚುಕಟ್ಟೆಗೆ ಬೇಕಾದ ಸುತ್ತಳತೆ 4ಎಕ್ಸ್ + 6 ಆಗುತ್ತದೆ, ಹಣ್ಣು ಹರಡಲು ಸಿಗುವ ವಿಸ್ತೀರ್ಣ ಎಕ್ಸ್² + 3ಎಕ್ಸ್ ಆಗುತ್ತದೆ. ಎರಡೂ ದ್ವಿಪದೋಕ್ತಿಗಳೇ, ಆದರೆ ಮೊದಲನೆಯದು ರೇಖಾತ್ಮಕ (ಮಹತ್ತಮ ಘಾತ 1), ಎರಡನೆಯದು ವರ್ಗ ಬಹುಪದೋಕ್ತಿ (ಮಹತ್ತಮ ಘಾತ 2). ಕಣ ಚೌಕವಾಗಿದ್ದರೆ ಅವು 4ಎಕ್ಸ್ ಮತ್ತು ಎಕ್ಸ್² ಎಂಬ ಏಕಪದೋಕ್ತಿಗಳಾಗುತ್ತವೆ, ಘಾತಗಳು ಮಾತ್ರ ಇದ್ದಂತೆಯೇ ಇರುತ್ತವೆ.

ಬಳಿಕ ಕರಿಹಲಗೆಯ ಮೇಲೆ ಒಂದು ಕೋಷ್ಟಕ ಬರೆಯುತ್ತೇನೆ: ಅಡ್ಡಸಾಲುಗಳಿಗೆ 0ರಿಂದ 3ರವರೆಗಿನ ಮಹತ್ತಮ ಘಾತ, ಕಂಬಸಾಲುಗಳಿಗೆ 1ರಿಂದ 3ರವರೆಗಿನ ಪದಗಳ ಸಂಖ್ಯೆ. ಮನೆಗಳನ್ನು ತುಂಬುವುದು ಮಕ್ಕಳ ಕೆಲಸ. ಎಕ್ಸ್³ − 8 ಬರೆದು ಘನ (ಮಹತ್ತಮ ಘಾತ 3ರ) ದ್ವಿಪದೋಕ್ತಿಯ ಮನೆ ತುಂಬಿದಾಗಲೇ ಹಳೆಯ ನಂಬಿಕೆ ಅರ್ಧ ಸಡಿಲವಾಗುತ್ತದೆ. ಆದರೆ ನಿಜವಾದ ಚರ್ಚೆ ಹುಟ್ಟುವುದು ತುಂಬಲಾಗದ ಮನೆಗಳಲ್ಲಿ. ರೇಖಾತ್ಮಕ ತ್ರಿಪದೋಕ್ತಿಯ ಜಾಗದಲ್ಲಿ ಯಾರಾದರೂ 2ಎಕ್ಸ್ + 3ಎಕ್ಸ್ + 5 ಎಂದು ಬರೆದರೆ, ಸಜಾತಿ ಪದಗಳನ್ನು ಕೂಡಿಸಿದಾಗ ಅದು 5ಎಕ್ಸ್ + 5 ಆಗುತ್ತದೆ ಎಂದು ಹಿಂದಿನ ಬೆಂಚಿನಿಂದಲೇ ಆಕ್ಷೇಪ ಬರುತ್ತದೆ. ಒಂದೇ ಚರಾಕ್ಷರವಿರುವಾಗ ಮಹತ್ತಮ ಘಾತಕ್ಕಿಂತ ಒಂದೇ ಒಂದು ಪದ ಹೆಚ್ಚಿರಬಹುದು ಎಂಬ ನಿಯಮವನ್ನು ಆಗ ನಾನು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ. ಎಕ್ಸ್ + ವೈ + 1 ಬರೆಯುವ ಜಾಣರೂ ಇರುತ್ತಾರೆ. ಅದು ಸರಿಯಾದ ರೇಖಾತ್ಮಕ ತ್ರಿಪದೋಕ್ತಿಯೇ ಆದ್ದರಿಂದ, ಒಂದೇ ಚರಾಕ್ಷರ ಎಂಬ ಷರತ್ತನ್ನು ಕೋಷ್ಟಕದ ತಲೆಯ ಮೇಲೆ ಬರೆದಿರಬೇಕು.

ಸರಳೀಕರಿಸದೆ ವರ್ಗೀಕರಿಸಬಾರದು. (ಎಕ್ಸ್ + 1)² − ಎಕ್ಸ್² ನೋಡಲು ವರ್ಗ ಬಹುಪದೋಕ್ತಿಯಂತಿದ್ದರೂ ಬಿಡಿಸಿದರೆ 2ಎಕ್ಸ್ + 1 ಮಾತ್ರ ಉಳಿಯುತ್ತದೆ.

ಇನ್ನು, 7 ಎಂಬ ಸ್ಥಿರ ಬಹುಪದೋಕ್ತಿಗೆ ಮಹತ್ತಮ ಘಾತ 0 ಎಂದ ಮೇಲೆ 0ಗೂ ಅದೇ ಮನೆ ಕೊಡಬಾರದೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸೊನ್ನೆಯನ್ನು 0ಎಕ್ಸ್ ಎಂದೂ 0ಎಕ್ಸ್⁵ ಎಂದೂ ಬರೆಯಬಹುದಾದ್ದರಿಂದ ಅದಕ್ಕೆ ಯಾವ ಘಾತವನ್ನೂ ನಿಗದಿಪಡಿಸಲಾಗದು. ಶೂನ್ಯ ಬಹುಪದೋಕ್ತಿಯ ಮಹತ್ತಮ ಘಾತವನ್ನು ವ್ಯಾಖ್ಯಾನಿಸಿಲ್ಲ ಎಂದೇ ಬರೆಸುತ್ತೇನೆ.